ಹೆಲ್ತೋ, ಹಿಸ್ಟರಿಯೋ, ಕಥೆಯೋ?

ಶನಿವಾರದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮನೆಯಲ್ಲಿ ಇವರಿಗೆ ಹೇಳಿ ಆಯ್ತು, ಸ್ಟಾಫ್ ರೂಮಿನಲ್ಲಿ ಹೇಳಿ ಆಯ್ತು, ಸಿಟ್ಟು ಇಳಿಯಲಿಲ್ಲ. ಇನ್ನು ನಿಮ್ಮ ಸರದಿ.

ದಾವಣಗೆರೆಯಲ್ಲೇ ಒಂದು ಕಡೆ, ಪಿಎಚ್‌ಡಿ ಮಾಡಬೇಕೆಂದಿರುವ ಹುಡುಗ ಹುಡುಗಿಯರು ತಮ್ಮ ವಿಷಯ ಮಂಡಿಸುವ ಕಾರ್ಯಕ್ರಮ. ಎಲ್ಲಿ, ಎದುರಿಗೆ ಕೂತವರು ಯಾರು ಅಂತ ಕೆದಕಬೇಡಿ, ಹೇಳಲ್ಲ. ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳಿದ್ದಳು. ಚಳ್ಳಕೆರೆ ಕಡೆಯವಳು, ನಮ್ಮ ತವರಿನ ದಿಕ್ಕಿನವಳೇ. ಅವಳ ವಿಷಯ ಫ್ಲೋರೈಡ್ ನೀರು, ಅಂದರೆ ಕಲ್ಲಿನಿಂದ ನೀರಿಗೆ ಇಳಿದು, ಜಾಸ್ತಿಯಾದರೆ ಹಲ್ಲು ಮೂಳೆ ಕೆಡಿಸುವ ಲವಣ. ಊರಲ್ಲಿ ಯಾರ ಹಲ್ಲು ಹೇಗಿದೆ, ಯಾರ ಮಂಡಿ ಮಡಚಲ್ಲ ಅಂತ ಮನೆಮನೆ ಲೆಕ್ಕ ಹಾಕಬೇಕು. ಸಿಹಿನೀರಿನ ಬಾವಿ ಬಿಟ್ಟು ಬೋರಿಂಗ್ ನೀರಿಗೆ ಜನ ಯಾವಾಗ ಹೋದರು, ಯಾಕೆ ಹೋದರು ಅಂತ ಪಂಚಾಯ್ತಿ ಕಾಗದಗಳಲ್ಲಿ, ಅಜ್ಜಿಯರ ಬಾಯಲ್ಲಿ ಹುಡುಕಬೇಕು. ಕೊನೆಯ ಅಧ್ಯಾಯ ಒಂದು ಕಥೆ. ಅವಳೇ ಬರೆದಿದ್ದು.

ಇನ್ನೂ ಮುಗಿಸಿರಲಿಲ್ಲ. ನಡುವೆ ಕೂತವರು ಕನ್ನಡಕ ತೆಗೆದು, "ಏನಮ್ಮ ಇದು, ಹೆಲ್ತೋ, ಹಿಸ್ಟರಿಯೋ, ಕಥೆಯೋ? ಯಾವುದಾದ್ರೂ ಒಂದು ಮಾಡ್ಕೊಂಡು ಬಾ" ಅಂದರು. ಪಕ್ಕದವರು ನಕ್ಕರು. ಹುಡುಗಿ ಪೆನ್‌ಡ್ರೈವ್ ಕಿತ್ತುಕೊಂಡು ಬಂದು ನನ್ನ ಪಕ್ಕ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಯಾವುದಾದ್ರೂ ಒಂದು!

ಸ್ವಾಮಿ, ನಮ್ಮೂರಿನ ನೀರು ನಿಮ್ಮ ಡಿಪಾರ್ಟ್‌ಮೆಂಟ್ ಕೇಳಿಕೊಂಡು ಬಾಯಿಗೆ ಇಳಿಯುತ್ತಾ? ಕಲ್ಲಿನೊಳಗಿಂದ ಬರುವಾಗ ಅದು ಭೂಗರ್ಭಶಾಸ್ತ್ರ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆರೋಗ್ಯ ಇಲಾಖೆ. ಯಾವ ಕೇರಿಗೆ ಮೊದಲು ಬೋರು ಬಿತ್ತು ಅಂತ ಕೇಳಿದರೆ ಚರಿತ್ರೆ, ಜೊತೆಗೆ ಸ್ವಲ್ಪ ರಾಜಕೀಯ. ಕುಡಿದ ಹುಡುಗಿಯನ್ನು ನೋಡೋಕೆ ಗಂಡಿನ ಕಡೆಯವರು ಬಂದಾಗ ಏನಾಯ್ತು ಅನ್ನುವುದು? ಅದನ್ನು ಯಾವ ಕೋಷ್ಟಕದಲ್ಲಿ ಹಾಕ್ತೀರಿ?

ನನಗೆ ಗೊತ್ತು ಏನಾಯ್ತು ಅಂತ. ನನ್ನ ಫೋಟೋಗಳಲ್ಲಿ ಯಾವಾಗಲೂ ತುಟಿ ಮುಚ್ಚಿಕೊಂಡೇ ನಗ್ತೀನಿ ಅಂತ ನಿಮ್ಮಲ್ಲಿ ಎಷ್ಟೋ ಜನ ಕಾಲೆಳೆದಿದ್ದೀರಿ. ಗತ್ತು ಅಂದುಕೊಂಡವರೂ ಇದ್ದೀರಿ. ಗತ್ತಲ್ಲ ಮಾರಾಯ್ರೇ, ಹಲ್ಲು. ಎಂಟು ವರ್ಷದೊಳಗೆ, ಹೊಸ ಹಲ್ಲು ಒಸಡಿನ ಒಳಗೆ ತಯಾರಾಗುವ ಹೊತ್ತಲ್ಲಿ ಆ ನೀರು ಕುಡಿದರೆ ಕಂದು ಪಟ್ಟೆ ಬೀಳುತ್ತದೆ. ಆಮೇಲೆ ದಾವಣಗೆರೆಗೆ ಬಂದು ಮೂವತ್ತು ವರ್ಷ ಭದ್ರಾ ನೀರು ಕುಡಿದರೂ ಹೋಗಲ್ಲ. ನನ್ನನ್ನು ನೋಡೋಕೆ ಬಂದ ಮೊದಲ ಮನೆಯವರು ಅಡುಗೆಮನೆ ಬಾಗಿಲಲ್ಲಿ ಅಮ್ಮನನ್ನು ನಿಲ್ಲಿಸಿ, "ಹುಡುಗಿ ಹೊಗೆಸೊಪ್ಪು ಹಾಕ್ತಾಳಾ?" ಅಂತ ಕೇಳಿದ್ದರು. ಉಪ್ಪಿಟ್ಟು ಮಾತ್ರ ಪೂರ್ತಿ ತಿಂದು ಹೋದರು. ಈ ಮಾತನ್ನು ನಾನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ನನ್ನ ಥೀಸಿಸ್ ಕೆರೆ ಬಾವಿಗಳ ಶಾಸನದ ಮೇಲೆಯೇ ಇತ್ತು. ನೀರು ಸೇದುವ ಹೆಂಗಸರ ಮೇಲೆ ಒಂದು ಅಧ್ಯಾಯ ಬರೆದಿದ್ದೆ. ಗೈಡು "ಇದು ಬೇಡ, ಶಾಸನಕ್ಕೆ ನಿಲ್ಲು" ಅಂದರು. ಕಿತ್ತು ಹಾಕಿದೆ. ಆ ಹುಡುಗಿಯ ಪರವಾಗಿ ಕಿರುಚಬೇಕಿದ್ದ ನಾನು ಶನಿವಾರವೂ ಸುಮ್ನೆ ಕೂತಿದ್ದೆ. ಸಿಟ್ಟು ಅರ್ಧ ನನ್ನ ಮೇಲೇ ಇರಬೇಕು.

ಇನ್ನು ಅವಳ ಚರಿತ್ರೆಯ ಭಾಗ. ಅದು ಸುಮ್ನೆ ಅಲಂಕಾರಕ್ಕೆ ಅಂತ ಅವರು ತಿಳಿದಂತಿತ್ತು. ನೀರಿನ ಫ್ಲೋರೈಡ್ ಮೂಳೆ ಬಿಗಿಯುತ್ತದೆ ಅಂತ ನೆಲ್ಲೂರು ಸೀಮೆಯ ಜನರನ್ನು ನೋಡಿ ವೈದ್ಯರು ಬರೆದಿದ್ದು 1937ರಲ್ಲಿ. ಬರಗಾಲ ಬಂತು ಅಂತ ಯುನಿಸೆಫ್ ನಮ್ಮ ದೇಶಕ್ಕೆ ಗಟ್ಟಿ ಕಲ್ಲು ಕೊರೆಯುವ ಯಂತ್ರ ತಂದಿದ್ದು 1967ರಲ್ಲಿ. ನಡುವೆ ಮೂವತ್ತು ವರ್ಷ. ಗೊತ್ತಿದ್ದ ಮಾತು ಕೊರೆಯುವವರ ಕಿವಿಗೆ ಯಾಕೆ ಬೀಳಲಿಲ್ಲ? ಯಾವ ರಕ್ತಪರೀಕ್ಷೆ ಮಾಡಿದರೂ ಇದಕ್ಕೆ ಉತ್ತರ ಸಿಗಲ್ಲ.

ಹಾಗಂತ ಬಾವಿ ಅಮೃತ, ಬೋರು ವಿಷ ಅಂತ ಹೇಳೋಕೂ ಆಗಲ್ಲ. ಅಲ್ಲೇ ಇರೋದು ಮಜಾ. ನಮ್ಮಜ್ಜಿಯ ಕಾಲಿನ ಮೇಲೆ ಗುಂಡಗೆ ಒಂದು ಕಲೆ ಇತ್ತು. ನಾರುಹುಣ್ಣು. ಕಾಲಿಂದ ಹೊರಗೆ ಇಣುಕುವ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟು ಅಂತ ಎಳೆಯುತ್ತಿದ್ದರಂತೆ. ತುಂಡಾದರೆ ಕಥೆ ಮುಗೀತು, ಕಾಲು ಊದಿಕೊಳ್ಳುತ್ತಿತ್ತು. ಹುಣ್ಣಿನ ಕಾಲು ಇಟ್ಟುಕೊಂಡು ಮೆಟ್ಟಿಲುಬಾವಿಗೆ ಇಳಿದರೆ ಹುಳ ನೀರಿಗೆ ಮರಿ ಬಿಡುತ್ತದೆ, ಕುಡಿದವರಿಗೆ ಮುಂದಿನ ವರ್ಷ ಅದೇ ಗತಿ. 2000ನೇ ಇಸವಿಯಲ್ಲಿ ಭಾರತದಲ್ಲಿ ನಾರುಹುಣ್ಣು ಇಲ್ಲ ಅಂತ ಘೋಷಣೆ ಆಯ್ತು. ಅದಕ್ಕೆ ನೀರು ಸೋಸುವ ಬಟ್ಟೆ ಎಷ್ಟು ಕಾರಣವೋ ಬೋರಿಂಗೂ ಅಷ್ಟೇ ಕಾರಣ. ಅಂದರೆ ಅಜ್ಜಿಯ ಕಾಲು ಉಳಿಸಿದ ನೀರೇ ಮೊಮ್ಮಗಳ ಹಲ್ಲು ತಿಂದಿತು. ಇದನ್ನು ಬರೀ ಹೆಲ್ತ್‌ನವರು ಹೇಳಿದರೆ ಅರ್ಧ, ಬರೀ ನಮ್ಮ ಹಿಸ್ಟರಿಯವರು ಹೇಳಿದರೆ ಇನ್ನರ್ಧ. ಹುಡುಗಿ ಎರಡೂ ಸೇರಿಸಿ ಹೇಳೋಕೆ ಹೊರಟಿದ್ದಳು. ಯಾವುದಾದ್ರೂ ಒಂದು ಮಾಡಬೇಕಂತೆ.

ಕಥೆ ಬಗ್ಗೆ ನಕ್ಕರಲ್ಲ, ಅದಕ್ಕೂ ಒಂದು ಮಾತಿದೆ. ಆರೋಗ್ಯದ ಪಾಠ ಮಾಡುವವರು ಎಲ್ಲರೂ ಮೊದಲು ಹೇಳುವುದು ಜಾನ್ ಸ್ನೋ ಹೆಸರು. 1854, ಲಂಡನ್, ಕಾಲರಾ, ಬ್ರಾಡ್ ಸ್ಟ್ರೀಟಿನ ಪಂಪು. ಆ ಪಂಪಿನ ನೀರಿಂದಲೇ ಕಾಲರಾ ಹರಡಿತು ಅಂತ ತೋರಿಸಿದ ಡಾಕ್ಟರು. ಆ ಸ್ನೋಗೆ ಗಟ್ಟಿ ಸಾಕ್ಷಿಯಾಗಿ ಸಿಕ್ಕವಳು ಒಬ್ಬ ವಿಧವೆ. ಕಾಲರಾ ಇಲ್ಲದ, ಮೈಲಿಗಟ್ಟಲೆ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದಳು. ತಾನು ಮೊದಲಿದ್ದ ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿನ ರುಚಿ ಬಿಡಲಾಗದೆ ದಿನಾ ಗಾಡಿಯಲ್ಲಿ ತರಿಸಿಕೊಂಡು ಕುಡಿದು ಸತ್ತಳು. ಅದು ಗೊತ್ತಾಗಿದ್ದು ಮಗನನ್ನು ಕೂರಿಸಿಕೊಂಡು ಮಾತಾಡಿಸಿದ್ದಕ್ಕೆ. ಮೊದಮೊದಲು ಸ್ನೋ ಮಾತನ್ನೇ ನಂಬದ ಪಾದ್ರಿ ಹೆನ್ರಿ ವೈಟ್‌ಹೆಡ್ ಮನೆಮನೆ ಸುತ್ತಿ ಹರಟಿ, ಯಾವ ಕೂಸಿನ ಬಟ್ಟೆ ಒಗೆದ ನೀರು ಆ ಬಾವಿಗೆ ಇಳಿಯಿತು ಅಂತ ಪತ್ತೆ ಹಚ್ಚಿದ. ಪಾದ್ರಿ! ಯಾವ ಡಿಪಾರ್ಟ್‌ಮೆಂಟ್ ಅವನದು?

ರುಚಿ ಅಂದಾಗ ನೆನಪಾಯ್ತು. ಈಗ ನಮ್ಮೂರಲ್ಲಿ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು. ನಮ್ಮಮ್ಮ ಕುಡಿಯಲ್ಲ. "ಸಪ್ಪೆ, ಗಂಟಲಿಗೆ ಇಳಿಯಲ್ಲ" ಅಂತ ಈಗಲೂ ಬೋರಿನದೇ ಬೇಕು. ಹ್ಯಾಂಪ್‌ಸ್ಟೆಡ್‌ನ ಅಜ್ಜಿ ಚಳ್ಳಕೆರೆ ತಾಲೂಕಿನಲ್ಲಿ ಇನ್ನೂ ಇದ್ದಾಳೆ. ಹುಡುಗಿಯ ಕಥೆಯಲ್ಲೂ ಅಂಥ ಒಬ್ಬಳಿದ್ದಾಳೆ. ಓದಿದ್ದೇನೆ. ಚೆನ್ನಾಗಿದೆ. ಕೊನೆ ಸ್ವಲ್ಪ ಎಳೆದಿದ್ದಾಳೆ, ಹೇಳಿದ್ದೇನೆ.

ಆ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಆ ಕನ್ನಡಕದವರನ್ನೇ ಹಿಡಿದೆ. ಧೈರ್ಯ ನನಗೆ ಯಾವಾಗಲೂ ತಡವಾಗಿಯೇ ಬರುವುದು. "ನೋಡಿ ಮೇಡಂ, ಹತ್ತು ಕಡೆ ಕೆರೆದರೆ ನೀರು ಸಿಗಲ್ಲ, ಒಂದೇ ಕಡೆ ಆಳಕ್ಕೆ ಇಳೀಬೇಕು" ಅಂದರು. ನನಗೆ ನಗು ತಡೆಯೋಕೆ ಆಗಲಿಲ್ಲ. ಆಳಕ್ಕೆ ಇಳಿದಿದ್ದಕ್ಕೇ ಅಲ್ವಾ ಸಾರ್ ಫ್ಲೋರೈಡ್ ಬಂದಿದ್ದು? ಮೇಲಿನ ನೀರು ಮಳೆಗೆ ಮಳೆಗೆ ಬದಲಾಗುತ್ತಿರುತ್ತದೆ. ಆಳದ್ದು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತು, ಕಲ್ಲಿನಲ್ಲಿರೋದನ್ನೆಲ್ಲ ಕರಗಿಸಿಕೊಂಡಿರುತ್ತದೆ. ಅವರು ಮುಖ ಗಂಟಿಕ್ಕಿಕೊಂಡು ಮೊಸರನ್ನದ ಕಡೆ ಹೋದರು. (ಊಟದ ಸಾಲಿನಲ್ಲಿ ಮಾತ್ರ ಎಲ್ಲಾ ವಿಭಾಗದವರೂ ಒಟ್ಟಿಗೆ ನಿಂತಿದ್ದರು. ಅಲ್ಲಿ ಯಾರೂ ಪಲ್ಯವೋ, ಪಾಯಸವೋ, ಯಾವುದಾದ್ರೂ ಒಂದು ಅನ್ನಲಿಲ್ಲ.)

ನ್ಯಾಯವಾಗಿ ಹೇಳಬೇಕೆಂದರೆ ಅವರ ಮಾತಿನಲ್ಲಿ ಒಂದು ಚಿಟಿಕೆ ಹುರುಳಿದೆ. ಹುಡುಗಿ ಒಂದು ಕಡೆ ಫ್ಲೋರೈಡನ್ನೂ ಬ್ಲೀಚಿಂಗ್ ಪೌಡರಿನ ಕ್ಲೋರಿನ್ನನ್ನೂ ಕಲಸಿಬಿಟ್ಟಿದ್ದಾಳೆ. ತಪ್ಪು. ಅದಕ್ಕೆ ಮೇಲಿನ ಮಹಡಿಯಲ್ಲಿ ಕೆಮಿಸ್ಟ್ರಿಯವರಿದ್ದಾರೆ, ಹೋಗಿ ಅರ್ಧ ಗಂಟೆ ಕೂತು ಬಾ ಅಂದರೆ ಮುಗೀತು. ಮೆಟ್ಟಿಲು ಹತ್ತು ಅನ್ನುವುದು ಬಿಟ್ಟು ಮನೆಗೆ ಹೋಗು ಅಂದರೆ ಹೇಗೆ?

ಡಾಕ್ಟರಾಗಿದ್ದುಕೊಂಡೇ ರಾಶಿ (ಎಂ. ಶಿವರಾಂ) 'ಕೊರವಂಜಿ' ಹಾಸ್ಯ ಪತ್ರಿಕೆ ನಡೆಸಿ ನಾಡನ್ನು ನಗಿಸಿದರು. ಅನುಪಮಾ ನಿರಂಜನ ರೋಗಿಗಳನ್ನೂ ನೋಡಿದರು, ಕಾದಂಬರಿಯನ್ನೂ ಬರೆದರು. ಪುಣ್ಯಕ್ಕೆ ಅವರ ಎದುರು ಕನ್ನಡಕ ತೆಗೆಯುವವರು ಕೂತಿರಲಿಲ್ಲ.

ಸರಿ, ಈಗ ಕೆಲಸದ ಮಾತು. ಹುಡುಗಿ ಬೇರೆ ಕಡೆ ಅರ್ಜಿ ಹಾಕ್ತಿದ್ದಾಳೆ, ಮೂರೂ ಸೇರಿಸಿಯೇ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಕಡೆಯವರು ನಿಮ್ಮೂರಲ್ಲಿ ಮೊದಲ ಬೋರಿಂಗ್ ಯಾವ ವರ್ಷ ಬಿತ್ತು, ಯಾವ ಕೇರಿಯಲ್ಲಿ ಬಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ನನಗೆ ತಿಳಿಸಿ. ಇಸವಿ ಹೇಳಲಿಲ್ಲ ಅಂತ ಬಿಡಬೇಡಿ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ನಮ್ಮಮ್ಮನನ್ನು ನಿನ್ನೆ ಫೋನಿನಲ್ಲಿ ಕೇಳಿದೆ. "ನಿನ್ನ ತಮ್ಮ ಅಂಬೆಗಾಲು ಇಡ್ತಿದ್ದ, ಕೆಂದ ಹಸ ಸತ್ತಿತ್ತು, ಶೇಂಗಾ ಒಣಗಿ ಹೋಗಿತ್ತು, ಆ ವರ್ಷ" ಅಂದಳು.