ನೆಟ್‌ವರ್ಕ್ ಇಲ್ಲ ಅಂದರೆ ಟವರ್ ಕೇಳಿ, ಕಾಗದ ಕೇಳಬೇಡಿ

ನಿನ್ನೆ ತೀರ್ಥಹಳ್ಳಿ ಕಡೆ ಒಂದು ಸಭೆಗೆ ಹೋಗಿದ್ದೆ. ಊಟ ಚೆನ್ನಾಗಿರುತ್ತೆ ಅಂತ ಭಾವ ಎಳೆದುಕೊಂಡು ಹೋದರು. ಊಟ ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಮೊದಲು ಒಂದು ಭಾಷಣ ಇತ್ತು. ಅದು ಇನ್ನೂ ಅರಗಿಲ್ಲ.

"ಈ ಆನ್‌ಲೈನ್ ಅನ್ನೋದು ಮಲೆನಾಡಿನ ರೈತನಿಗೆ ಬಂದ ಹೊಸ ಕೊಳೆ ರೋಗ. ಬೋರ್ಡೋ ಔಷಧಿ ಹೊಡೆದ್ರೂ ಹೋಗಲ್ಲ. ಮೊದಲಿನ ಹಾಗೆ ಕಾಗದದಲ್ಲಿ ಅರ್ಜಿ ತಗೊಳ್ಳಿ, ಇಲ್ಲ ಅಂದ್ರೆ ಬೀದಿಗಿಳಿತೀವಿ" ಅಂದರು ನಮ್ಮ ಮುಖಂಡರು. ಯಾರು ಅಂತ ಕೇಳಬೇಡಿ. ಯಾವ ಪಕ್ಷ ಅಂತಲೂ ಕೇಳಬೇಡಿ, ಈ ವಿಷಯದಲ್ಲಿ ಎಲ್ಲರೂ ಒಂದೇ ಪಕ್ಷ. ಭರ್ಜರಿ ಚಪ್ಪಾಳೆ. ಅಭ್ಯಾಸಬಲದಿಂದ ನಾನೂ ಎರಡು ಸಲ ತಟ್ಟಿಬಿಟ್ಟೆ. ಪಕ್ಕದಲ್ಲಿ ಅವರ ಹುಡುಗ ಮೊಬೈಲ್ ಹಿಡಿದು ಇಡೀ ಭಾಷಣವನ್ನು ಲೈವ್ ಬಿಡುತ್ತಿದ್ದ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ!

ಕಂದಾಯ ಇಲಾಖೆಯ ಕುರ್ಚಿಯಲ್ಲಿ ಕೂತು 32 ವರ್ಷ ಸವೆಸಿದವನು ನಾನು. ಹಾಗಾಗಿ ಈ ರೈತಪ್ರೇಮದ ಒಳಗುಟ್ಟು ನನಗೆ ಸ್ವಲ್ಪ ಜಾಸ್ತಿಯೇ ಗೊತ್ತು.

ಇಂಥವರ ಮನೆಯ ಜಗಲಿ ನೋಡಿದ್ದೀರಲ್ಲ? ಬೆಳಗ್ಗೆ 7 ಗಂಟೆಗೇ ಹತ್ತಿಪ್ಪತ್ತು ಜನ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಒಬ್ಬರದ್ದು ಪೌತಿ ಖಾತೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡುವುದು), ಒಬ್ಬರದ್ದು ಪೋಡಿ (ಜಮೀನು ಅಳೆದು ಬೇರೆ ಮಾಡುವುದು), ಇನ್ನೊಬ್ಬರದ್ದು ವಿಧವಾ ವೇತನ. ಕಾಫಿ ಬರುತ್ತದೆ. ಅವರು ಫೋನ್ ತೆಗೆದು "ಏನ್ರೀ, ನಮ್ಮವ್ರು ಒಬ್ರು ಬರ್ತಾರೆ, ಸ್ವಲ್ಪ ನೋಡಿ" ಅನ್ನುತ್ತಾರೆ. ಈ ಕಡೆ ಫೋನ್ ಎತ್ತುತ್ತಿದ್ದವನು ನಾನು. ಆ ಮನುಷ್ಯನಿಗೆ ಸಿಗುತ್ತಿದ್ದದ್ದು ಹೇಗಿದ್ದರೂ ಸಿಗಬೇಕಾಗಿದ್ದ ಕಾಗದವೇ. ಎಂಟು ದಿನ ಮುಂಚೆ ಸಿಕ್ಕಿತು, ಅಷ್ಟೇ. ಆದರೆ ಉಪಕಾರ ಮಾಡಿದವರು ಅವರು. ಆ ಋಣ ಚುನಾವಣೆ ದಿನ ತೀರಬೇಕು.

ಈಗ ಆ ಜಗಲಿ ಖಾಲಿಯಾಗುತ್ತಿದೆ. ಅವರ ಹೊಟ್ಟೆನೋವು ಇದು. ಕೊಳೆ ರೋಗವಂತೆ, ಕೊಳೆ ರೋಗ.

ನಾನೇನು ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. 2000ದ ಸುಮಾರಿಗೆ 'ಭೂಮಿ' ಬಂತಲ್ಲ. ರಾಜ್ಯದ 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿ ಪಹಣಿ, ಎಲ್ಲ ಕಂಪ್ಯೂಟರಿಗೆ ಹೋಯಿತು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಅಂತಾಯಿತು. ಆಗ "ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನಿಲ್ಲುವುದಿಲ್ಲ, ಮಲೆನಾಡಿಗೆ ಈ ಪದ್ಧತಿ ಹೊಂದುವುದಿಲ್ಲ" ಅಂತ ಉದ್ದದ ಟಿಪ್ಪಣಿ ಬರೆದು ಮೇಲೆ ಕಳಿಸಿದವನು ನಾನೇ. ಕರೆಂಟ್ ಇರುತ್ತಿರಲಿಲ್ಲ, ಅದು ನಿಜ. ಆದರೆ ನನ್ನ ಚಿಂತೆ ಕರೆಂಟಿನದ್ದಾಗಿರಲಿಲ್ಲ. ಖಾತೆ ಬದಲಾವಣೆ ಅರ್ಜಿಯಲ್ಲಿ ಮೊದಲು ಬಂದದ್ದೇ ಮೊದಲು ವಿಲೇವಾರಿ ಆಗಬೇಕು ಅಂತ ಆ ಕಂಪ್ಯೂಟರ್ ಹಟ ಹಿಡಿಯುತ್ತಿತ್ತು. ನನ್ನ ಟೇಬಲ್ಲಿನಲ್ಲಿ ಯಾವ ಕಡತ ಮೇಲೆ, ಯಾವುದು ಕೆಳಗೆ ಅನ್ನುವುದು ನನ್ನ ಕೈಯಲ್ಲಿತ್ತು. ಅದಕ್ಕೇ ಊರಿನವರು ನನಗೆ ನಮಸ್ಕಾರ ಹಾಕುತ್ತಿದ್ದದ್ದು. ದುಡ್ಡು ಮುಟ್ಟಿದವನಲ್ಲ ನಾನು. ಬಾಳೆಗೊನೆ, ಜೇನುತುಪ್ಪ ಮುಟ್ಟಿದ್ದೇನೆ. ಒಂದು ಸಲ ಮಲೆನಾಡು ಗಿಡ್ಡದ ಕರುವೇ ಬಂದಿತ್ತು. ಮನೆಯವಳು ಬೈದಳು ಅಂತ ವಾಪಸ್ ಕಳಿಸಿದೆ.

ಕಾಗೋಡು ನೆನಪಿದೆಯಲ್ಲ? 1951ರಲ್ಲಿ ಸಾಗರ ಸೀಮೆಯ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಮನೆಯ ಕೊಳಗ ದೊಡ್ಡದು. ಎಲ್ಲರಿಗೂ ಒಂದೇ ಅಳತೆ ಇರಲಿ ಅಂದರೆ ಅವರಿಗೆ ಸಿಟ್ಟು ಬಂದಿತ್ತು. ಇದೇ ಮುಖಂಡರು ವರ್ಷಕ್ಕೊಮ್ಮೆ ಕಾಗೋಡಿನ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಈಗ ಎಲ್ಲರಿಗೂ ಒಂದೇ ಕೊಳಗ ಬಂದರೆ ಬೇಡವಂತೆ.

ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಯ ವಿಷಯದಲ್ಲಂತೂ ಇನ್ನೂ ಚಂದ. ಅದನ್ನು ಸಕ್ರಮ ಮಾಡುವ ಸಮಿತಿಗೆ ಅಧ್ಯಕ್ಷರು ಶಾಸಕರು. ಅರ್ಜಿಗೆ ಮೊದಲು ಫಾರಂ 50, ಆಮೇಲೆ 53, ಆಮೇಲೆ 57. ಅರ್ಜಿ ಹಾಕಿದ ಅಪ್ಪ ಸತ್ತು ಮಗ ಓಡಾಡುತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಷ್ಟು ವರ್ಷ ಈ ಮುಖಂಡರು ಬೀದಿಗಿಳಿಯಲಿಲ್ಲ. ಆ್ಯಪ್ ಬಂತು, ಅಲ್ಲಿ ನಿಜವಾಗಲೂ ಸಾಗುವಳಿ ಇದೆಯಾ ಅಂತ ಸ್ಯಾಟಲೈಟ್ ಚಿತ್ರ ನೋಡುತ್ತಾರೆ ಅಂದ ಕೂಡಲೇ ಬಡ ರೈತ ನೆನಪಾದ.

"ಹಾಗಾದ್ರೆ ಜನರಿಗೆ ಕಷ್ಟವೇ ಇಲ್ವಾ ಮಾರಾಯ್ರೆ?" ಅಂತ ಭಾವ ಊಟದ ಪಂಕ್ತಿಯಲ್ಲೇ ಕೇಳಿದರು. ಇದೆ. ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿರುವುದಿಲ್ಲ, ಯಂತ್ರ ತಗೊಳ್ಳುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಕೂತಿದ್ದೂ ಸುಮ್ನೆ ಅಲ್ಲ. ಒಬ್ಬೊಬ್ಬರ ತಲೆ ಮೇಲೆ ಹತ್ತಾರು ಆ್ಯಪ್ ಹೇರಿ, ಕೂರಲು ಸರಿಯಾದ ಕಚೇರಿಯನ್ನೂ ಕೊಡದೆ ಕೆಲಸ ಮಾಡಿ ಅಂದರೆ? ಅವರದ್ದು ನ್ಯಾಯವಾದ ಸಿಟ್ಟು. ಆದರೆ ಅವರು ಕೇಳಿದ್ದು ಸೌಲಭ್ಯ. ಹೊಸನಗರ, ಸಾಗರದ ಹಳ್ಳಿಗಳವರು ನೆಟ್‌ವರ್ಕ್ ಕೊಡದಿದ್ದರೆ ಓಟೂ ಇಲ್ಲ ಅಂತ ಹಟ ಹಿಡಿದಾಗ ಕೇಳಿದ್ದು ಟವರ್. ವಾಪಸ್ ಕಾಗದಕ್ಕೆ ಹೋಗೋಣ ಅಂತ ಅವರ್ಯಾರೂ ಅನ್ನಲಿಲ್ಲ. ಆ ಬೇಡಿಕೆ ಹುಟ್ಟುವುದು ವೇದಿಕೆ ಮೇಲೆ ಮಾತ್ರ.

ಇನ್ನೊಂದು ಚಾಲಾಕಿ ಇದೆ. ಬಹಿರಂಗವಾಗಿ ವಿರೋಧ ಮಾಡುವವರಿಗಿಂತ ಇವರು ಅಪಾಯ. "ಎಲ್ಲ ಆನ್‌ಲೈನ್ ಆಗಲಿ" ಅನ್ನುತ್ತಾರೆ. ಕೊನೆಯ ಒಂದು ಮೆಟ್ಟಿಲು ಮಾತ್ರ ಕೈಯಲ್ಲೇ ಇರಬೇಕು. ಅರ್ಜಿ ಹಾಕುವುದು ಆನ್‌ಲೈನ್, ದುಡ್ಡು ಕಟ್ಟುವುದು ಆನ್‌ಲೈನ್, ಆಮೇಲೆ ಅದನ್ನೇ ಪ್ರಿಂಟ್ ತೆಗೆದು ಎರಡು ಪ್ರತಿ ಟಪಾಲಿಗೆ ಕೊಡಿ. ಅಲ್ಲಿಂದ ಮುಂದೆ "ಸಾಹೇಬರ ಲಾಗಿನ್‌ನಲ್ಲಿದೆ". ಲಾಗಿನ್ ಅಂದರೆ ನಮ್ಮ ಕಾಲದ ಬೀರುವೇ. ಬೀಗದ ಕೈ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

2012ರಲ್ಲಿ, ಗಡುವಿನೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ 'ಸಕಾಲ' ಯೋಜನೆ ಬಂದಾಗ ನಾವು ನಡುಗಿದ್ದೆವು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ನೌಕರನೇ ಕೈಯಿಂದ ಕಟ್ಟಬೇಕು. ನಡುಗಿದ್ದು ಎರಡು ತಿಂಗಳು ಮಾತ್ರ. ಆಮೇಲೆ ದಾರಿ ಸಿಕ್ಕಿತು. ಸಕಾಲದ ನಂಬರ್ ಬಿದ್ದರೆ ತಾನೇ ಗಡುವು ಶುರು? "ದಾಖಲೆ ಪೂರ್ತಿ ಇಲ್ಲ, ವಂಶವೃಕ್ಷ ತನ್ನಿ, ಆಮೇಲೆ ನೋಡೋಣ" ಅಂತ ಬಾಯಲ್ಲೇ ವಾಪಸ್ ಕಳಿಸುವುದು. ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡುವುದಿಲ್ಲ, ನಂಬರ್ರೂ ಬೀಳುವುದಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಬಾಕಿ ಸೊನ್ನೆ. ಇದನ್ನು ಯಾವ ಮುಖಂಡರೂ ಪ್ರಶ್ನೆ ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಹಾಗೆ ವಾಪಸ್ ಹೋದವನು ನೇರ ಹೋಗಿ ಕೂರುವುದು ಅವರ ಜಗಲಿಯ ಮೇಲೆ.

ಶಾಲಾ ಮೇಷ್ಟ್ರುಗಳ ವರ್ಗಾವಣೆಗೆ 2007ರಲ್ಲೇ ಕಾಯ್ದೆ ಆಗಿದೆ, ಕೌನ್ಸೆಲಿಂಗ್ ಇದೆ. ಅದಕ್ಕೂ ಗೊಣಗಾಟ ಇದೆ, ಇರಲಿ. ಉಳಿದ ಇಲಾಖೆಗಳಿಗೆಲ್ಲ ಅದನ್ನೇ ತನ್ನಿ ಅಂತ ವೇದಿಕೆ ಮೇಲೆ ಒಬ್ಬರು ಹೇಳಲಿ ನೋಡೋಣ. ಶಿಫಾರಸು ಪತ್ರದ ಲೆಟರ್‌ಹೆಡ್ ಪ್ರಿಂಟ್ ಮಾಡುವ ಪ್ರೆಸ್ಸಿನವನು ಮುಳುಗಿಹೋಗುತ್ತಾನೆ ಪಾಪ.

ಇಷ್ಟೆಲ್ಲ ಬರೆಯುವ ಸಿಟ್ಟು ಎಲ್ಲಿಂದ ಬಂತು ಅಂದರೆ, ಭಾವನ ಅಪ್ಪಯ್ಯ ಹೋಗಿ ವರ್ಷವಾಯಿತು. ತೋಟದ ಪೌತಿ ಖಾತೆ ಇನ್ನೂ ಆಗಿಲ್ಲ. ನಾಲ್ಕು ಸಲ ಹೋಗಿದ್ದಾರೆ, ನಾಲ್ಕು ಸಲವೂ ಬಾಯಲ್ಲೇ ಉತ್ತರ. ನಿನ್ನೆ ಅವರು ಸಭೆಗೆ ಹೊರಟಿದ್ದೇ ಮುಖಂಡರ ಕಿವಿಗೆ ಅದನ್ನು ಹಾಕಲು ಅಂತ ನನಗೆ ಗೊತ್ತಾಗಿದ್ದು ಕೈ ತೊಳೆಯುವ ಹೊತ್ತಿಗೆ. ಮುಖಂಡರು ಭಾವನ ಹೆಗಲ ಮೇಲೆ ಕೈ ಹಾಕಿ "ಸೋಮವಾರ ಮನೆ ಕಡೆ ಬನ್ನಿ ಭಟ್ರೆ, ಮಾಡಿಸೋಣ" ಅಂದರು.

ಭಾವ ಹೊರಟಿದ್ದಾರೆ. ಬೇಡ, ನಾನೇ ಕಚೇರಿಗೆ ಬರುತ್ತೇನೆ, ಹಿಂಬರಹ ಬರೆದು ಕೊಡಿ ಅಂತ ಕೂತು ಕೇಳೋಣ ಅಂದಿದ್ದೇನೆ. ಭಾವನಿಗೆ ನಂಬಿಕೆ ಇಲ್ಲ. ನನಗೂ ಅಷ್ಟಕ್ಕಷ್ಟೇ. ಅಲ್ಲಿ ಈಗ ಕಿಟಕಿಯಲ್ಲಿ ಕೂತಿರುವ ಹುಡುಗ ಕೆಲಸ ಕಲಿತಿದ್ದು ನನ್ನ ಪಕ್ಕದ ಟೇಬಲ್ಲಿನಲ್ಲೇ.