8192 ಲೆವೆಲ್ ಪ್ರೆಶರ್ ಅಂತೆ, ನಂಗೆ ಸಿಕ್ಕಿದ್ದು ಒಂದೇ

ಚಿತ್ರ ಬರೆಯೋಣ ಅಂತ ಸೆಕೆಂಡ್ ಹ್ಯಾಂಡಲ್ಲಿ ಒಂದು ಪೆನ್ ಟ್ಯಾಬ್ಲೆಟ್ (ಕಂಪ್ಯೂಟರ್‌ಗೆ ಸಿಕ್ಕಿಸಿ ಪೆನ್ನಲ್ಲಿ ಬರೆಯೋ ಹಲಗೆ) ತಗೊಂಡೆ ಮಾರಾಯ್ರೆ, ಶನಿವಾರ ಬೆಳಗ್ಗೆ ತಿಂಡಿ ತಿಂದು ಕೂತವನು ರಾತ್ರಿ ಊಟದ ಹೊತ್ತಿಗೂ ಒಂದು ಗೆರೆ ನೆಟ್ಟಗೆ ಎಳೆದಿಲ್ಲ. ಅದನ್ನ ನಡೆಸೋ ಸಾಫ್ಟ್‌ವೇರು, ಡ್ರೈವರ್, ಇನ್‌ಸ್ಟಾಲ್ ಆಯ್ತು ಅನ್ನತ್ತೆ, ರೀಸ್ಟಾರ್ಟ್ ಮಾಡಿದ್ರೆ ಲೋಡ್ ಮಾಡಕ್ಕಾಗಲ್ಲ ಅಂತ ಮೆಸೇಜು. ಪೆನ್ನು ಕರ್ಸರ್ ಏನೋ ಓಡಿಸತ್ತೆ ಆದ್ರೆ ಪ್ರೆಶರ್ರೇ ಇಲ್ಲ, ಮೆತ್ತಗೆ ಒತ್ತಿದ್ರೂ ಗಟ್ಟಿ ಒತ್ತಿದ್ರೂ ಗೆರೆ ಒಂದೇ ದಪ್ಪ. ಡಬ್ಬದ ಮೇಲೆ ಮಾತ್ರ ದೊಡ್ಡದಾಗಿ ಪ್ರೆಶರ್ 8192 ಲೆವೆಲ್ ಅಂತ!

ಹುಡುಕಿ ಹುಡುಕಿ ಗೊತ್ತಾಗಿದ್ದು ಏನಂದ್ರೆ ವಿಂಡೋಸ್ 11ರಲ್ಲಿ ಕೋರ್ ಐಸೊಲೇಷನ್ ಒಳಗೆ ಮೆಮೊರಿ ಇಂಟೆಗ್ರಿಟಿ ಅಂತ ಒಂದಿದೆ, ಅದು ಆನ್ ಇದ್ರೆ ಅದಕ್ಕೆ ಹೊಂದದ ಹಳೇ ಡ್ರೈವರ್‌ನ ಕರ್ನಲ್ (ವಿಂಡೋಸಿನ ತಿರುಳು) ಒಳಗೆ ಬಿಡಲ್ಲ. ಸರಿನೇ ಅದು, ಕಳ್ಳರು ನುಗ್ಗೋ ದಾರಿನೂ ಇಂಥ ಹಳೇ ಡ್ರೈವರ್ರೇ, ನಾನು ಬೈತಿರೋದು ಅದನ್ನಲ್ಲ. ಟ್ಯಾಬ್ಲೆಟ್ ಮಾಡಿದೋರು "ಅದನ್ನ ಆಫ್ ಮಾಡಿ, ಆಂಟಿವೈರಸ್ಸೂ ಆಫ್ ಮಾಡಿ" ಅಂತ ಆರಾಮಾಗಿ ಬರ್ದು ಕೂತಿದಾರಲ್ಲ, ನೆಂಟರು ಬರ್ತಾರೆ ಅಂತ ಬಾಗ್ಲೇ ಕಿತ್ತಿಡ್ತೀವಾ?

ಇನ್ನೊಂದು ಉಪಾಯ, ಶಿಫ್ಟ್ ಒತ್ಕೊಂಡು ರೀಸ್ಟಾರ್ಟ್ ಮಾಡಿ ಸ್ಟಾರ್ಟಪ್ ಸೆಟ್ಟಿಂಗ್ಸಲ್ಲಿ 7 ಒತ್ತಿದ್ರೆ ಡ್ರೈವರ್ ಅಸಲಿನಾ ಅಂತ ನೋಡೋ ಸಿಗ್ನೇಚರ್ ಚೆಕ್ಕು ಆಫ್ ಆಗತ್ತಂತೆ, ಮುಂದಿನ ರೀಸ್ಟಾರ್ಟಿಗೆ ಮತ್ತೆ ಆನ್. ಸರಿ ಅಂತ ಹೋದ್ರೆ ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ ಬಿಟ್‌ಲಾಕರ್ 48 ಅಂಕಿ ಕೀ ಕೇಳ್ತು, ನಂಗೆ ನಮ್ಮನೆ ಗ್ಯಾಸ್ ಕನ್ಸ್ಯೂಮರ್ ನಂಬರೇ ನೆನಪಿರಲ್ಲ. ಫೋನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಒಂದೊಂದೇ ಅಂಕಿ ನೋಡ್ಕೊಂಡು ಟೈಪ್ ಮಾಡಿ ಸುಮ್ನೆ ವಾಪಸ್ ಬಂದೆ.

ಈ ಮಾಡೆಲ್ಲಿಗೆ ಹೊಸ ಡ್ರೈವರ್ರೂ ಇಲ್ವಂತೆ. ಟ್ಯಾಬ್ಲೆಟ್ ಈಗ ಮೌಸ್ ಪ್ಯಾಡು.