ಸ್ಟೀಮ್ ಅಳೆಯುವುದು ನೀರು ಅಳೆದಷ್ಟು ಸುಲಭವಲ್ಲ

ಪೈಪ್ ಕೊರೆಯದೆ, ಬಾಯ್ಲರ್ ನಿಲ್ಲಿಸದೆ, ಹೊರಗಿನಿಂದಲೇ ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಬಿಟ್ಟು ಹಿಡಿಯುವ ಸಾಧನ) ಕಟ್ಟಿ, ಪೈಪಿನಲ್ಲಿ ಎಷ್ಟು ಸ್ಟೀಮ್ ಹರಿಯುತ್ತಿದೆ ಅಂತ ಅಳೆಯಬಹುದು ಎಂದು ಒಂದು ಲೇಖನದಲ್ಲಿ ಓದಿದೆ. ನಿಜ, ಒಳ್ಳೆಯ ವಿಷಯ. ಆದರೆ ಅದರ ಕಷ್ಟವನ್ನೂ ಲೇಖನ ಹೇಳಬೇಕಿತ್ತು. 10 ಬಾರ್ ಒತ್ತಡದ ಸ್ಟೀಮ್ ಒಂದು ಘನ ಮೀಟರಿಗೆ ಬರೀ 5 ಕೆಜಿಯಷ್ಟು ತೂಗುತ್ತದೆ, ಉಕ್ಕು 7,850 ಕೆಜಿ. ಹಾಗಾಗಿ ಸೆನ್ಸರ್ ಬಿಟ್ಟ ಶಬ್ದದಲ್ಲಿ ಬಹುಪಾಲು ಸ್ಟೀಮಿನೊಳಗೆ ಇಳಿಯುವುದೇ ಇಲ್ಲ, ಪೈಪಿನ ಗೋಡೆಯಲ್ಲೇ ಸುತ್ತು ಹಾಕಿ ಆ ಕಡೆಯ ಸೆನ್ಸರಿಗೆ ತಲುಪಿ, ನಮಗೆ ಬೇಕಾದ ಸಣ್ಣ ಸಿಗ್ನಲನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಪೈಪಿಗೆ, ಗೋಡೆಯಲ್ಲಿ ಓಡುವ ಶಬ್ದವನ್ನು ಹೀರುವ ಡ್ಯಾಂಪಿಂಗ್ ಪಟ್ಟಿ ಸುತ್ತುವುದು. ಶಬ್ದ ದಾಟಲೆಂದು ಸೆನ್ಸರಿಗೂ ಪೈಪಿಗೂ ನಡುವೆ ಮಾಮೂಲಿ ಜೆಲ್ ಹಚ್ಚಿದರೆ 180 ಡಿಗ್ರಿಯಲ್ಲಿ ಒಣಗಿಹೋಗುತ್ತದೆ, ಬಿಸಿ ತಡೆಯುವಂಥದ್ದೇ ಬೇಕು.

ಇನ್ನೊಂದು ಮಾತು. ಹರಿವಿನ ಜೊತೆ ಹೋದ ಶಬ್ದಕ್ಕೂ ಎದುರು ಬಂದ ಶಬ್ದಕ್ಕೂ ಇರುವ ಸಮಯದ ವ್ಯತ್ಯಾಸದಿಂದ ಈ ಮೀಟರ್ ವೇಗವನ್ನಷ್ಟೇ ಕಂಡುಹಿಡಿಯುತ್ತದೆ. ನಮಗೆ ಬೇಕಾಗಿರೋದು ಗಂಟೆಗೆ ಎಷ್ಟು ಟನ್ ಅಂತ, ಅಲ್ವಾ? ವೇಗದಿಂದ ತೂಕ ಲೆಕ್ಕ ಹಾಕಲು ಸ್ಟೀಮಿನ ಸಾಂದ್ರತೆ ಗೊತ್ತಿರಬೇಕು, ಅದಕ್ಕೆ ಒತ್ತಡ, ಉಷ್ಣತೆ ಎರಡೂ ಬೇಕು. ಸ್ಟೀಮಿನಲ್ಲಿ ನೀರಿನ ಹನಿ ಜಾಸ್ತಿ ಇದ್ದರೆ ಅಷ್ಟೂ ಸಾಲದು, ಲೆಕ್ಕ ತಪ್ಪುತ್ತದೆ.

ಹಾಗಂತ ಹಳೆಯ ಆರಿಫಿಸ್ ಪ್ಲೇಟೇ (ಪೈಪಿನೊಳಗೆ ಕೂರಿಸುವ ತೂತಿನ ತಟ್ಟೆ, ಅದರ ಎರಡೂ ಬದಿಯ ಒತ್ತಡದ ವ್ಯತ್ಯಾಸದಿಂದ ಹರಿವು ಅಳೆಯುತ್ತಾರೆ) ವಾಸಿ ಅನ್ನಲಾರೆ. ಹರಿವು ಹತ್ತನೇ ಒಂದಕ್ಕೆ ಇಳಿದರೆ ಅದರ ಒತ್ತಡದ ವ್ಯತ್ಯಾಸ ನೂರನೇ ಒಂದಕ್ಕೆ ಇಳಿಯುತ್ತದೆ, ಓದುವುದೇ ಕಷ್ಟ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಬರುವುದು ನಿಂತಾಗೆಲ್ಲ ಲೋಡ್ ಹೀಗೇ ಬೀಳುತ್ತದೆ. ಅಂಥ ಕಡೆ ಅಲ್ಟ್ರಾಸಾನಿಕ್ ಖಂಡಿತ ನೋಡಬೇಕು, ಆದರೆ ಬೆಂಡಿನ ಪಕ್ಕದಲ್ಲಿ ಕಟ್ಟಬೇಡಿ, ಉದ್ದದ ನೇರ ಪೈಪ್ ಹುಡುಕಿ.